ಎಲೆಗಿಂತ ಮೊದಲು ಬರುವ ಹೂವು

ಏಪ್ರಿಲ್ 21

ಎಂದಿನಂತೆ ಏಳೂವರೆಗೆ ಆಸ್ಪತ್ರೆ. ಅಮ್ಮನ ಬಾಯಿ ಒರೆಸಿ ತುಟಿಗೆ ಎಣ್ಣೆ ಹಚ್ಚಿದೆ. ಗಂಜಿ ಎರಡು ಚಮಚ. ಮೂರನೆಯದಕ್ಕೆ ಮುಖ ತಿರುಗಿಸಿದಳು. ಮೇ ತಿಂಗಳು ದಾಟುವುದು ಕಷ್ಟ ಎಂದರು ಡಾಕ್ಟರು. ಉಸಿರಾಟದ ಯಂತ್ರ ಬೇಡ ಎಂಬ ಫಾರ್ಮ್‌ಗೆ ಸಹಿ ಹಾಕಿದೆ. ಹಿಂದೆಮುಂದೆ ನೋಡಲಿಲ್ಲ. ಏಕೆ ನೋಡಲಿಲ್ಲ?

ಸಂಜೆ ಅಮ್ಮ ತಾನಾಗಿ ಕೇಳಿದಳು, ಹೂವಿನ ರೊಟ್ಟಿ ಬೇಕಂತೆ. ವಸಂತಕ್ಕೊಮ್ಮೆ ಮಾಡುತ್ತಿದ್ದಳು: ಅಂಟಕ್ಕಿಯ ಹಿಟ್ಟು ತಟ್ಟಿ, ಮೇಲೊಂದೊಂದು ಚಿಂದಲ್ಲೆ, ಎಲೆ ಚಿಗುರುವ ಮೊದಲೇ ಅರಳುವ ನಸುಗೆಂಪು ಹೂವು. ನಾನು ಪಕ್ಕದಲ್ಲಿ ಕೂತು ಇಂಗ್ಲಿಷ್ ಹೋಂವರ್ಕ್. ತಿಂಗಳಿಂದ ಅವಳು ಏನನ್ನೂ ಕೇಳಿರಲಿಲ್ಲ.

ಏಪ್ರಿಲ್ 24

ಬಾಗಿಲು ತೆರೆಯುವ ಹೊತ್ತಿಗೇ ಚಿಂದಲ್ಲೆ ಹುಡುಕಿ ಗುಡ್ಡದ ಬುಡದ ಸಸ್ಯೋದ್ಯಾನಕ್ಕೆ ಹೋದೆ. ಮ್ಯಾಗ್ನೋಲಿಯಾ ಉದುರಿ ಕಂದು ಬಣ್ಣಕ್ಕೆ ತಿರುಗಿದೆ. ಹಳದಿ ಹೂವಿನ ಬೇಲಿಯೆಲ್ಲ ಈಗ ಬರೀ ಹಸಿರು. ಟ್ಯೂಲಿಪ್ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲು. ಕೊಳದ ಹಿಂದೆ ನಸುಗೆಂಪು ಪೊದೆಗಳು. ಯಾರೂ ನೋಡದಾಗ ಹದಿನೈದು ಹೂವು ಕಿತ್ತು ಡಬ್ಬಿಗೆ ಹಾಕಿಕೊಂಡೆ. ನಲವತ್ತಾರನೇ ವಯಸ್ಸಿನಲ್ಲಿ ಕಳ್ಳತನ.

ಅಮ್ಮ ಒಂದನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಅಂಟಂಟು. ಜೊತೆಗೆ ಎಲೆ ಬೇರೆ. ಇದು ಚಿಂದಲ್ಲೆ ಅಲ್ಲ ಕಣೇ, ಹಾಗೇ ಕಾಣೋ ಚೊಲ್ಚುಕ್. ವಿಷ. ಏನೇ, ನನ್ನ ಬೇಗ ಕಳಿಸೋ ಅವಸರಾನಾ?"

ಪಕ್ಕದ ಹಾಸಿಗೆಯ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಗಳು ಇಂಗ್ಲಿಷ್ ಸ್ಕೂಲಲ್ಲಿ ಓದಿದೋಳು ಅಂತ ಕೊಚ್ಕೋತಿದ್ದೆಯಲ್ಲ! ತಿನ್ನೋ ಹೂವು ಯಾವ್ದು, ಸಾಯಿಸೋ ಹೂವು ಯಾವ್ದು ಅಂತ ಅಲ್ಲಿ ಹೇಳಿಕೊಡ್ಲಿಲ್ವಾ?"

"ಅದನ್ನ ನಾನು ಹೇಳಿಕೊಡ್ಬೇಕಿತ್ತು ಕಣಕ್ಕಾ," ಎಂದಳು ಅಮ್ಮ. "ಇವಳು ಪುಸ್ತಕದಿಂದ ತಲೆ ಎತ್ತಿದ್ರೆ ತಾನೇ."

ನಾನೂ ನಕ್ಕೆ.

ಅದೇ ದಿನ, ಸಂಜೆ

ಪೊದೆಯ ಬುಡದಲ್ಲಿ ಹೆಸರಿನ ಫಲಕ ಇತ್ತು. ಫಲಕ ಓದದೆ ಮುಂದೆ ಹೋಗುವವಳಲ್ಲ ನಾನು. ಓದಿದೆನೇ? ಓದಿದ ನೆನಪಿಲ್ಲ. ಓದಲಿಲ್ಲ ಎಂಬ ನೆನಪೂ ಇಲ್ಲ. ಸಹಿ ಹಾಕಿ ಮೂರೇ ದಿನ...

ಏಪ್ರಿಲ್ 29

ನಿನ್ನೆಯಿಂದ ಬಾಯಿಗೆ ಏನೂ ಕೊಡುವಂತಿಲ್ಲ. ಡ್ರಿಪ್ ಮಾತ್ರ. ಆದರೂ ಉದ್ಯಾನಕ್ಕೆ ಹೋದೆ. ಏಕೆ ಹೋದೆ, ಕೇಳಿಕೊಳ್ಳಲಿಲ್ಲ.

ಕಳೆ ಕೀಳುತ್ತಿದ್ದ ಮಾಲಿಯನ್ನು ವಿಚಾರಿಸಿದೆ.

"ಚಿಂದಲ್ಲೆನಾ? ಈಗ ಬಂದ್ರೆ ಹೇಗಮ್ಮಾ? ಮುಗಿದು ಎರಡು ವಾರ ಆಯ್ತು. ಮುಂದಿನ ವರ್ಷ ಬನ್ನಿ."

"ಮುಂದಿನ ವರ್ಷ ಆಗಲ್ಲ."

ಅವನು ನನ್ನ ಕೊರಳಲ್ಲಿದ್ದ ಆಸ್ಪತ್ರೆಯ ಗುರುತಿನ ಚೀಟಿಯನ್ನು ನೋಡಿದ. "ಗುಡ್ಡದ ಉತ್ತರಕ್ಕೆ, ತೀರಾ ಮೇಲ್ಗಡೆ. ಅಲ್ಲಿ ಬಿಸಿಲು ಬೀಳಲ್ಲ. ಕೊಂಬೆ ಮುರೀಬೇಡಿ. ನಾನು ಈ ಕಡೆ ನೋಡ್ತಾ ಇರ್ತೀನಿ."

ಒಂದೇ ಪೊದೆ. ಬೋಳು ಕಡ್ಡಿಗಳ ತುದಿಯಲ್ಲಿ ಆರು ಹೂವು. ಎಲೆ ಇಲ್ಲ. ಅಂಟಿಲ್ಲ. ಮೂರು ಸಲ ಮುಟ್ಟಿ ನೋಡಿದೆ.

ಏಪ್ರಿಲ್ 30, ಮಧ್ಯಾಹ್ನ

ಬೆಳಿಗ್ಗೆ ಕೇಸರ ಕಿತ್ತು, ಹಿಟ್ಟು ತಟ್ಟಿ, ಬೇಯಿಸಿ ಒಯ್ದೆ. ಅಮ್ಮ ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಳು. ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದೆ.

"ಇದೇ... ತಿನ್ನು."

"ನಿನಗೆ ಅಂತ ತಂದಿದ್ದು ಅಮ್ಮಾ."

"ತಿನ್ನೇ. ನಾನು ನೋಡ್ತೀನಿ."

ತಿಂದೆ. ತಣ್ಣಗಾಗಿತ್ತು. ಹಲ್ಲಿಗೆ ಅಂಟಿತು.

"ಹೂವು ಹೇಗಿದೆ?"

ಹೂವಿಗೆ ರುಚಿಯೇ ಇಲ್ಲ. ಹಿಟ್ಟು, ಎಣ್ಣೆ, ಒಂದಿಷ್ಟು ಸಕ್ಕರೆ ಪಾಕ. ಅಷ್ಟು ವರ್ಷ ತಿಂದಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ನುಂಗಿದೆ. ಆಮೇಲೆ ಹೇಳಿದೆ, "ನೀನು ಮಾಡ್ತಿದ್ದ ಹಾಗೇ ಇದೆ ಅಮ್ಮಾ."