ಗೆದ್ದ ದೇಶದಿಂದ

ಪ್ರೀತಿಯ ಅಕ್ಕನಿಗೆ,

ಪತ್ರಿಕೆಯಲ್ಲಿ ಪಟ್ಟಿ ಬಂದಿದೆ. ತಲಾ ಆದಾಯ, ಆಸ್ಪತ್ರೆ, ಶಾಲೆ ಎಲ್ಲ ಸೇರಿಸಿ ನೋಡಿದರೆ ಈ ವರ್ಷವೂ ನಾನಿರುವ ದೇಶವೇ ಮೊದಲು, ನೀನಿರುವ ದೇಶ ಕೂದಲೆಳೆಯಷ್ಟು ಹಿಂದೆ.

ಸೋತ ದೇಶದವರು ಗೆದ್ದವರ ಮನೆಗೆ ಬರಬೇಕೆಂಬುದು ನಾವೇ ಕಟ್ಟಿಕೊಂಡ ಪಂದ್ಯ. ಕಳೆದ ನಾಲ್ಕು ವರ್ಷವೂ ನೀನೇ ಬಂದೆ. ನನ್ನ ಕೋಣೆ ನೋಡಿ, "ಇಷ್ಟು ಶ್ರೀಮಂತ ದೇಶದಲ್ಲಿ ನಿಂಗೊಂದು ಕಿಟಕಿ ಸಿಗಲಿಲ್ವೇನೋ?" ಎಂದು ಪ್ರತಿಸಲ ಬೈದೆ. ನಾನು ಮಾತು ಮರೆಸಿ, ನಲವತ್ತು ಅಂತಸ್ತಿನ ಕಟ್ಟಡದ ಲಿಫ್ಟು ತೋರಿಸಲು ಕರೆದೊಯ್ಯುತ್ತಿದ್ದೆ. ನನ್ನ ಉಸ್ತುವಾರಿಯಲ್ಲಿ ಅದು ಒಂದು ದಿನವೂ ಕೆಟ್ಟು ನಿಂತದ್ದಿಲ್ಲ.

ಈ ಸಲ ನೀನು ಬರಬೇಡ. ಹೊಸ ಲಿಫ್ಟುಗಳಿಗೆ ನನ್ನಂಥವರು ಬೇಡವಂತೆ. ಕೋಣೆ ಕಂಪನಿಯದಲ್ಲವೇ, ತಿಂಗಳ ಕೊನೆಗೆ ಬೀಗದ ಕೈ ಒಪ್ಪಿಸಬೇಕು. ನಾನೇ ಬರುತ್ತೇನೆ, ರಜೆ ಕೇಳುವ ತಾಪತ್ರಯವೂ ಇಲ್ಲ. ಕಿಟಕಿಯ ಪಕ್ಕ ಒಂದು ಚಾಪೆ ಹಾಸಿದರೆ ಸಾಕು.

ನೀನು ಕೆಲಸ ಮಾಡುವ ಆಸ್ಪತ್ರೆಯ ಲಿಫ್ಟು ಆಗಾಗ ಕೈಕೊಡುತ್ತದೆ ಎಂದಿದ್ದೆಯಲ್ಲ, ರಿಪೇರಿಗೆ ಜನ ಬೇಕೇ ಎಂದು ಸುಮ್ಮನೆ ವಿಚಾರಿಸಿ ನೋಡು.

ಭಾವ ಹೇಗೂ ಪತ್ರಿಕೆ ಓದುವವರಲ್ಲ. ಯಾಕೆ ಬಂದನೆಂದು ಕೇಳಿದರೆ, ಈ ವರ್ಷ ನಿಮ್ಮ ದೇಶ ಗೆದ್ದಿತೆಂದು ಹೇಳಿಬಿಡು.

ನಿನ್ನ ತಮ್ಮ