ದೇವಿಯ ಹೆಸರಲ್ಲಿ ಮುಚ್ಚಿಟ್ಟ ಉರಿ

ಪರೇಲ್, ಮುಂಬಯಿ
೧೪ ಮಾರ್ಚ್ ೨೦೨೪

ಸೋನಾಲಿಯ ಅಪ್ಪನಿಗೆ ಮಹಾದೇವಿಯ ನಮಸ್ಕಾರ.

ನಿಮ್ಮ ಸೊಂಟನೋವು ಹೇಗಿದೆ? ಆ ಸೂರತ್ತಿನ ಕಟ್ಟಡದ ಕೆಲಸದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ. ಫೋನಿನಲ್ಲಿ ಹೇಳಹೋದರೆ ನಡುವೆಯೇ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ಪೂರ್ತಿ ಓದಿರಿ.

ಕೂಸು ಸೋನಾಲಿಯ ಮೈತುಂಬ ಗುಳ್ಳೆ ಎದ್ದದ್ದು ನಿಮಗೆ ಗೊತ್ತು. ಚಾಳಿನ ನೆರೆಮನೆಯವರು ಚಿಕನ್‌ಪಾಕ್ಸ್, ಡಾಕ್ಟರಿಗೆ ತೋರಿಸಿ ಎಂದರು. ನಿಮ್ಮ ಅವ್ವ, "ದೇವಿ ಬಂದಾಳ. ಡಾಕ್ಟರ್ ಗೀಕ್ಟರ್ ಅಂದ್ರ ಆಕಿ ಸಿಟ್ಟಾಗ್ತಾಳ" ಎಂದು ಬಾಗಿಲಿಗೆ ಬೇವಿನ ತಪ್ಪಲು ಸಿಗಿಸಿದರು. ನೀವೂ ಅಲ್ಲಿಂದ "ಅವ್ವ ಹೇಳಿದಂಗ ಕೇಳು" ಎಂದಿರಿ. ಕೇಳಿದೆ. ಜಳಕವಿಲ್ಲ, ಬಟ್ಟೆ ಬದಲಿಸುವಂತಿಲ್ಲ. ಬೆವರು, ಕೀವು, ಉಚ್ಚೆ ಎಲ್ಲಾ ಒಂದೇ ಚಡ್ಡಿಯಲ್ಲಿ. ಥೂ, ಬರೆಯಲಿಕ್ಕೂ ಹೇಸಿಗೆಯಾಗುತ್ತದೆ. ಸಂಡಾಸಿಗೆ ಒಯ್ದರೆ ಮೈಲಿಗೆಯಂತೆ, ಪಾತ್ರೆ ತೊಳೆಯುವ ಮೋರಿಯಲ್ಲೇ ಕೂರಿಸಬೇಕಂತೆ!

ಗುಳ್ಳೆ ಒಣಗಿ ಉದುರಿದವು, ಜ್ವರ ಮಾತ್ರ ಬಿಡಲಿಲ್ಲ. ಉಚ್ಚೆಗೆ ಕೂತರೆ ಸಾಕು, ಕೂಸು ನನ್ನ ಸೆರಗು ಕಚ್ಚಿ "ಮಮ್ಮಿ, ಜಲ್ತಾ ಹೈ, ಉರೀತೈತಿ" ಎಂದು ಚೀರುತ್ತಿತ್ತು. ಖೋಲಿಯೆಲ್ಲಾ ನಾತ. ನಿಮ್ಮ ಅವ್ವ ಅದರ ಬಾಯಿಗೆ ಕೈ ಅಡ್ಡ ಹಿಡಿದು, "ಚೀರಬ್ಯಾಡ, ದೇವಿ ಇನ್ನೂ ಮನ್ಯಾಗ ಅದಾಳ" ಎನ್ನುವರು. ದೇವಿಯನ್ನು ಕಳಿಸಲೆಂದು ಮೊಸರನ್ನದ ಎಡೆಯನ್ನೂ ಮಾಡಿಸಿದರು. ಆ ಹೊತ್ತಿಗೆ ಕೂಸು ಕಣ್ಣು ಮೇಲೆ ಮಾಡಿತು. ಎಡೆಯನ್ನು ಅಲ್ಲೇ ಬಿಟ್ಟು, ಕೂಸನ್ನು ಎತ್ತಿಕೊಂಡು ಲೋಕಲ್ ಹತ್ತಿ ಈ ಪರೇಲಿನ ಆಸ್ಪತ್ರೆಗೆ ಬಂದೆ. ನಿಮ್ಮನ್ನು ಕೇಳಲಿಲ್ಲ, ಕೇಳುವುದೂ ಇಲ್ಲ.

ಇಲ್ಲಿಯ ಡಾಕ್ಟರ್ ಬಾಯಿಯವರು ಉಚ್ಚೆ ತಪಾಸಣೆ ಮಾಡಿಸಿದರು. ಮೂತ್ರದಲ್ಲಿ ಸೋಂಕು, ಕಿಡ್ನಿಯ ತನಕ ಏರಿದೆ ಎಂದರು. ಒಂದು ಜಡ್ಡು ಕಣ್ಣಿಗೆ ಕಂಡಿತೆಂದು ಇನ್ನೊಂದು ಬರುವುದಿಲ್ಲವೇನು ಎಂದು ಎಲ್ಲರೆದುರು ಗದರಿದರು. ಈಗ ಸಲೈನಿನಲ್ಲಿ ಔಷಧ ಬಿಡುತ್ತಿದ್ದಾರೆ. ಜ್ವರ ಇಳಿಯುತ್ತಿದೆ, ನಿನ್ನೆ ಅರ್ಧ ಇಡ್ಲಿ ತಿಂದಳು. ಕಿಡ್ನಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಮುಂದೆ ನೋಡಬೇಕಂತೆ. ನಿಮ್ಮ ಮೇಲೆ ಬರೀ ಸಿಟ್ಟು ಬಂದಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಹೇಸಿಕೆ ಬಂದಿದೆ, ಅದನ್ನೆಲ್ಲಿ ಉಗುಳಲಿ?

ಮೈ ಕಡೆ ಲಕ್ಷ್ಯವಿರಲಿ. ದೇವರು ನಿಮಗೆ ಒಳ್ಳೆಯದು ಮಾಡಲಿ, ಬುದ್ಧಿಯನ್ನೂ ಕೊಡಲಿ.

ಇಂತಿ,
ಮಹಾದೇವಿ

ತಾ.ಕ.: ಸಿಸ್ಟರ್ ಕರೆಯುತ್ತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅವ್ವ ಈಗ ಬುತ್ತಿ ತಂದಿದ್ದರು. ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಮಾದೇವಿ, ಆ ಡಾಕ್ಟರ್ ಬಾಯಿ ಮುದುಕ್ಯಾರನ್ನೂ ನೋಡ್ತಾಳೇನ? ನನಗೂ ದೀಪಾವಳಿಯಿಂದ ಹಿಂಗಽ ಉರೀತೈತಿ. ನನ್ನ ಮಗಗ ಹೇಳಬ್ಯಾಡ." ಹೇಳುತ್ತಿದ್ದೇನೆ. ಆ ಉರಿ ಎಂಥದೆಂದು ತಮ್ಮ ಮೈಗೇ ಗೊತ್ತಿದ್ದೂ ನನ್ನ ಕೂಸಿನ ಬಾಯಿ ಮುಚ್ಚಿದರಲ್ಲ. ರಜೆ ಹಾಕಿ ಬನ್ನಿರಿ, ನಿಮ್ಮ ಅವ್ವನನ್ನು ನೀವೇ ತೋರಿಸಿರಿ. ಅವರ ಕೈ ಹಿಡಿದು ನಡೆಸುವುದು ನನ್ನಿಂದಾಗದು.