ಮೇಕೆ ಸುದ್ದಿಯ ಕೆಳಗಿನ ಅರ್ಧ

ಜೂನ್ 4, ಬೆಳಿಗ್ಗೆ 6.20

ಹಾಲು ಒಲೆಯ ಮೇಲಿದೆ. ಚೋಟು ಎದ್ದಿಲ್ಲ. ಅವಳ ಒಂದು ಸಾಕ್ಸು ಸಿಕ್ಕಿದೆ. ಇನ್ನೊಂದು, ದಿನಾ ಇದ್ದ ಹಾಗೆ, ಇಲ್ಲ.

ಇದು ಹೋದ ವರ್ಷದ ಡೈರಿ. ನಾನು ಕೆಲಸ ಮಾಡುವ ಅಂಗಡಿಯಲ್ಲಿ ಮಿಕ್ಕಿದ್ದು, ಯಜಮಾನರು ಕೊಟ್ಟರು. ತಾರೀಕು ಸರಿ, ವಾರ ತಪ್ಪು. ಪ್ರತಿ ಪುಟದಲ್ಲೂ ಅಚ್ಚಾದ ವಾರವನ್ನು ಹೊಡೆದುಹಾಕಿ ಆಮೇಲೆ ಬರೆಯುತ್ತೇನೆ. ಹೆಂಡತಿ ನಗುತ್ತಾಳೆ. "ಯಾರ್ ನೋಡ್ತಾರೆ ಅಂತ ಅಷ್ಟು ಕಷ್ಟಪಡ್ತೀಯ?" ಯಾರೂ ನೋಡುವುದಿಲ್ಲ. ಆದರೂ ತಪ್ಪು ವಾರದ ಕೆಳಗೆ ಬರೆಯಲು ಕೈ ಓಡುವುದಿಲ್ಲ.

ನಿನ್ನೆ ಸಂಜೆಯ ಸುದ್ದಿ: ಕದಿಯಲು ನುಗ್ಗಿದವನೊಬ್ಬ ಆ ಮನೆಯ ಸೋಫಾದ ಮೇಲೇ ನಿದ್ದೆ ಹೋದ. ಬೆಳಿಗ್ಗೆ ಮನೆಯೊಡತಿ ಎಬ್ಬಿಸಿದಾಗ ಅವನು ಕೇಳಿದ ಮೊದಲ ಮಾತು — ಅಲ್ಲಿಗೆ ಪೇಪರ್ ಮುಗಿದಿತ್ತು.

"ಆಮೇಲೆ?"

"ಆಮೇಲೆ ಗೊತ್ತಿಲ್ಲ. ಇಷ್ಟೇ ಇತ್ತು."

"ಅಪ್ಪಾ, ಆಮೇಲೇ?"

ಬಾಯಿ ತುಂಬ ಅನ್ನ. ಕಣ್ಣು ತಟ್ಟೆಯಷ್ಟಗಲ. ಆ "ಆಮೇಲೆ"ಗೋಸ್ಕರವೇ ಸಂಜೆ ಎರಡೆರಡು ಮೆಟ್ಟಿಲು ಹತ್ತಿ ಬರುತ್ತೇನೆ. ಐದು ವರ್ಷದ ಈ ಮಗಳನ್ನು ಬಿಟ್ಟರೆ ನನ್ನನ್ನು ಯಾರೂ ಮುಂದೇನು ಅಂತ ಕೇಳಿದವರಿಲ್ಲ. ನಾನು ಮುಂದೇನು ಮಾಡ್ತೀನೋ ಅಂತ ಹೆದರಿದವರು ಬೇಕಾದಷ್ಟು ಜನ.

ಹಾಲು ಉಕ್ಕಿತು.

ಜೂನ್ 5, ಮಧ್ಯಾಹ್ನ, ಊಟದ ಬಿಡುವು

ಅಂಗಡಿಯ ಗೋಡೌನ್. ರಟ್ಟಿನ ಡಬ್ಬದ ಮೇಲೆ ಕೂತು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹದಿನಾಲ್ಕು ತಿಂಗಳು. ನನ್ನ ಮಟ್ಟಿಗೆ ದಾಖಲೆ. ಗ್ಯಾರೇಜಲ್ಲಿ ಐದು ತಿಂಗಳು, ಕೊರಿಯರಲ್ಲಿ ಏಳು, ಟಾಕೀಸಿನ ಬಾಗಿಲಲ್ಲಿ ಎರಡೇ ವಾರ. ಇಲ್ಲಿ ಉಳಿದಿದ್ದು ಪೇಪರಿನಿಂದ.

ಕಪ್ಪು, ತಟ್ಟೆ, ಗಾಜಿನ ಲೋಟ — ಎಲ್ಲವನ್ನೂ ಹಳೇ ಪೇಪರಲ್ಲಿ ಸುತ್ತಿ ಡಬ್ಬಕ್ಕೆ ಹಾಕಬೇಕು. ಬೆಳಿಗ್ಗೆ ಕಟ್ಟುಗಟ್ಟಲೆ ಪೇಪರನ್ನು ನಡುವೆ ಮಡಿಕೆಯಲ್ಲಿ ಕತ್ತರಿಸುತ್ತಾರೆ. ಮೇಲಿನ ಅರ್ಧ ನನ್ನ ಟೇಬಲ್ಲಿಗೆ, ಕಪ್ಪಿಗೆ. ಕೆಳಗಿನ ಅರ್ಧ ಟೇಪಕ್ಕನ ಟೇಬಲ್ಲಿಗೆ, ತಟ್ಟೆಗೆ. (ಟೇಪು ಅಂಟಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.) ಹಾಗಾಗಿ ತಲೆಬರಹವೆಲ್ಲ ನನಗೆ, ಕೊನೆಯೆಲ್ಲ ಅವರಿಗೆ. ಟೇಪಕ್ಕ ಓದುವವರಲ್ಲ. ಎಷ್ಟು ಕೊನೆಗಳನ್ನು ಟೇಪು ಹಾಕಿ ಊರೂರಿಗೆ ಕಳಿಸಿದ್ದಾರೋ.

ವಿಚಿತ್ರವಾದ ಸುದ್ದಿ ಕಂಡರೆ ಜೇಬಿಗೆ. ಮನೆಗೆ. ಚೋಟುಗೆ. ಇದ್ದಷ್ಟು ಹೇಳುತ್ತೇನೆ, ಇಲ್ಲದ್ದನ್ನು ಸೇರಿಸುವುದಿಲ್ಲ.

ಜೂನ್ 7

ತಮ್ಮ ಬಂದ. ಇಲ್ಲಿನ ಆಫೀಸೊಂದರಲ್ಲಿ ಮೂರು ವಾರದ ಟ್ರೈನಿಂಗ್. ಕಾಲೇಜಿನ ಕೊನೇ ವರ್ಷ. ಮನೆಯಲ್ಲಿ ಅವನನ್ನು ಎಲ್ಲರೂ ಪಂಡಿತ ಅಂತಲೇ ಕರೆಯುವುದು.

ಅಮ್ಮ ಫೋನಲ್ಲಿ: "ಅವನಿಗೆ ಮಂಚ ಕೊಡೋ. ಓದೋ ಹುಡುಗ, ಬೆನ್ನು ಹಿಡ್ಕೊಂಡ್ಬಿಡುತ್ತೆ."

"ನಾನು ದಿನಾ ಡಬ್ಬ ಎತ್ತೋನಮ್ಮ. ನನ್ನ ಬೆನ್ನು?"

"ನಿಂದು ಗಟ್ಟಿ ಬಿಡು."

ಮಂಚ ಕೊಟ್ಟೆ. ಚೋಟು ತನ್ನ ದಿಂಬು ಎತ್ತಿಕೊಂಡು ಹೋಗಿ ಚಿಕ್ಕಪ್ಪನ ಪಕ್ಕ ಮಲಗಿದಳು.

ಜೂನ್ 9, ಸಂಜೆ

ಈ ವರ್ಷದ ಅತ್ಯುತ್ತಮ ಸುದ್ದಿ ಸಿಕ್ಕಿತ್ತು ಇವತ್ತು. ದಾರಿಯಲ್ಲಿ ನಾಲ್ಕು ಸಲ ಜೇಬು ಮುಟ್ಟಿ ನೋಡಿಕೊಂಡೆ.

ಒಂದು ಊರಿನ ನೀರಿನ ಟ್ಯಾಂಕಿನ ಸುತ್ತು ಮೆಟ್ಟಿಲು ಹತ್ತಿ ಮೇಕೆಯೊಂದು ತುದಿಗೆ ಹೋಗಿ ನಿಂತಿದೆ. ಇಳಿಯುತ್ತಿಲ್ಲ. ಮೂರು ದಿನ. ಸೊಪ್ಪು ತೋರಿಸಿದರು, ಹಗ್ಗ ಎಸೆದರು, ಅದರ ಮರಿಯನ್ನೇ ತಂದು ಕೂಗಿಸಿದರು. ಮೇಕೆ ಎಲ್ಲರನ್ನೂ ನೋಡುತ್ತದೆ, ಅಷ್ಟೆ. ಊರಿಗೆ ಊರೇ ಕೆಲಸ ಬಿಟ್ಟು ಕತ್ತು ಎತ್ತಿ ನಿಂತಿದೆ. ಕೊನೆಯ ಸಾಲು: "ನಾಲ್ಕನೇ ದಿನ ಬೆಳಿಗ್ಗೆ ಮೇಕೆ".

"ಆಮೇಲೆ?"

ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಪಂಡಿತ ಶುರು ಮಾಡಿದ. "ನಾಲ್ಕನೇ ದಿನ ಬೆಳಿಗ್ಗೆ ಮೇಕೆ ಮೈಮುರಿದು, ಗಡ್ಡ ನೀವ್ಕೊಂಡು, ಮದುವೆ ಮನೆ ಯಜಮಾನರ ಥರ ಒಂದೊಂದೇ ಮೆಟ್ಟಿಲು ಇಳಿದು ಬಂತು. ಬಂದು ಕೇಳ್ತು, ಏನ್ರಪ್ಪಾ, ಇಷ್ಟು ಜನ ಸೇರಿದ್ದೀರಿ, ಏನಾದ್ರೂ ಕಳೆದುಹೋಗಿದ್ಯಾ?"

ಚೋಟು ನಕ್ಕು ನಕ್ಕು ಬಿಕ್ಕಳಿಕೆ ಹತ್ತಿಸಿಕೊಂಡಳು. ಹೆಂಡತಿಯೂ ನಕ್ಕಳು, ಸೌಟು ಹಿಡಿದುಕೊಂಡೇ.

"ಪೇಪರಲ್ಲಿ ಹಂಗಿಲ್ಲ," ಅಂದೆ.

"ಗೊತ್ತಣ್ಣ. ಮಗು ಕೇಳ್ತಲ್ಲ, ಅದಕ್ಕೆ."

ಮಗು ಕೇಳಿದ್ದು ನನ್ನನ್ನು.

ಜೂನ್ 12

ಚೋಟು ಬರೆದ ಚಿತ್ರ ಗೋಡೆಗೆ ಅಂಟಿದೆ. ಟ್ಯಾಂಕು, ಮೇಲೆ ಮೇಕೆ, ಕೆಳಗೆ ಟ್ಯಾಂಕಿನಷ್ಟೇ ಎತ್ತರದ ಚಿಕ್ಕಪ್ಪ. ಮೂಲೆಯಲ್ಲಿ ಕಾಲಿರುವ ಒಂದು ಡಬ್ಬ.

"ಇದ್ಯಾರು?"

"ನೀನು. ಪೇಪರ್ ತಂದವನು."

ಈಗ ನಾನು ಸುದ್ದಿ ಓದಿ ಮುಗಿಸಿದರೆ ಅವಳ ಕತ್ತು ಮಂಚದ ಕಡೆ ತಿರುಗುತ್ತದೆ. "ಆಮೇಲೆ" ಹೋಗುವುದು ಅತ್ತ. ನಾನು ಅಂಚೆಯವನು. ಕಾಗದ ಕೊಟ್ಟ ಮೇಲೆ ಅಂಚೆಯವನ ಮುಖ ಯಾರು ನೋಡುತ್ತಾರೆ?

ಹೆಂಡತಿ: "ಏನು ಹರಳೆಣ್ಣೆ ಕುಡಿದೋನ ಥರ ಮುಖ?"

"ಏನಿಲ್ಲ."

"ನೀನು ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ."

ಏನಿಲ್ಲ ಅಂದದ್ದು ಸುಳ್ಳು. ಇಲ್ಲಿ ಸರಿ ಮಾಡಿ ಬರೆಯುತ್ತೇನೆ: ಹೊಟ್ಟೆಕಿಚ್ಚು.

ಜೂನ್ 14, ಬೆಳಿಗ್ಗೆ

ಸ್ಕೂಲಿನ ಗೇಟಲ್ಲಿ ಟೀಚರು ನಿಲ್ಲಿಸಿದರು. ಚೋಟು ತರಗತಿಯಲ್ಲಿ ಮೇಕೆ ಸುದ್ದಿ ಹೇಳಿದಳಂತೆ, ಗಡ್ಡ ನೀವಿ ತೋರಿಸಿದಳಂತೆ, ಮಕ್ಕಳೆಲ್ಲ ಚಪ್ಪಾಳೆ ಹೊಡೆದರಂತೆ.

"ನಿಮ್ಮ ತಮ್ಮ ತುಂಬಾ ಓದಿದ್ದಾರಂತಲ್ಲ. ಗೊತ್ತಾಗುತ್ತೆ ನೋಡಿ."

ಆಗಲಿ ಮೇಡಂ ಅಂದೆ. ಗೊತ್ತಾಗುತ್ತೆ. ಓದಿದವನ ಮೇಕೆ ಮಾತಾಡುತ್ತೆ, ಓದದವನ ಮೇಕೆ ಅರ್ಧಕ್ಕೆ ನಿಲ್ಲುತ್ತೆ.

ಜೂನ್ 15

ನಾನು ಸ್ಕೂಲು ಬಿಟ್ಟ ಕಥೆ ಎಲ್ಲೂ ಬರೆದಿಲ್ಲ. ಬರೆದುಬಿಡುತ್ತೇನೆ.

ಹತ್ತನೇ ಕ್ಲಾಸು. ಲ್ಯಾಬಿನ ಗಾಜಿನ ಜಾಡಿ ಒಡೆದಿತ್ತು. ನಾನು ಒಡೆದಿರಲಿಲ್ಲ. ಒಡೆಯುವಂಥವನು ಅಂತ ಹೆಸರಿತ್ತು, ಅಷ್ಟೆ. ಹೆಡ್‌ಮಾಸ್ಟರು ಬಿಳಿ ಹಾಳೆ ಮುಂದಿಟ್ಟರು. ತಪ್ಪಾಯಿತು ಅಂತ ಬರಿ, ಇಲ್ಲಿಗೆ ಬಿಟ್ಟುಬಿಡುತ್ತೇನೆ ಅಂದರು. ಪೆನ್ನು ಕೆಳಗಿಟ್ಟು ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಅಪ್ಪ ಹೊಡೆದರು, ಅಮ್ಮ ಅತ್ತರು. ಆಗ ಹನ್ನೆರಡು ವರ್ಷದ ಪಂಡಿತ ಹೇಳಿದ: "ಬರೆದುಬಿಡೋ ಅಣ್ಣ. ನಾಲ್ಕು ಸಾಲು ತಾನೇ."

ಅವನಾಗಿದ್ದರೆ ಬರೆಯುತ್ತಿದ್ದ. ಯಾವ ಕೊನೆ ಬೇಕೋ ಆ ಕೊನೆ ಬರೆದುಕೊಟ್ಟು ಕ್ಲಾಸಿಗೆ ಹೋಗಿ ಕೂರುತ್ತಿದ್ದ. ಅದಕ್ಕೇ ಅವನು ಕಾಲೇಜಲ್ಲಿ, ನಾನು ಗೋಡೌನಲ್ಲಿ. ದಿನಾ ಗಾಜು ಸುತ್ತುತ್ತೇನೆ. ಇವತ್ತಿನವರೆಗೆ ಒಂದೂ ಒಡೆದಿಲ್ಲ.

ಜೂನ್ 18, ಮಧ್ಯಾಹ್ನ

ಒಂಬತ್ತನೇ ತಾರೀಕು ಪ್ಯಾಕ್ ಮಾಡಿದ್ದು ಒಂದು ಹೋಟೆಲಿನ ಆರ್ಡರ್. ಅವರ ಅಡುಗೆಮನೆ ರಿಪೇರಿ ಮುಗಿದಿಲ್ಲ, ಮಾಲು ಇನ್ನೂ ಗೋಡೌನಲ್ಲೇ ಇದೆ. ನಲವತ್ತು ಡಬ್ಬ ತಟ್ಟೆ. ಅಂದರೆ ಮೇಕೆ ಸುದ್ದಿಯ ಕೆಳಗಿನ ಅರ್ಧ ಅಲ್ಲೇ ಎಲ್ಲೋ ಒಂದು ತಟ್ಟೆಗೆ ಸುತ್ತಿಕೊಂಡು ಕೂತಿದೆ.

ಊಟ ಬಿಟ್ಟು ಆರು ಡಬ್ಬ ಬಿಚ್ಚಿದೆ. ಸಿಗಲಿಲ್ಲ. ಮತ್ತೆ ಸುತ್ತಿ, ಮತ್ತೆ ಟೇಪು.

ಜೂನ್ 20, ಮಧ್ಯಾಹ್ನ

ಇಪ್ಪತ್ತೊಂದನೇ ಡಬ್ಬ ಬಿಚ್ಚುವಾಗ ಟೇಪಕ್ಕ ಹಿಂದೆ ನಿಂತಿದ್ದರು.

"ಏನು ಹುಡುಕ್ತಿದ್ದೀಯಪ್ಪಾ?"

"ಮೇಕೆ."

ಒಂದು ಕ್ಷಣ ನನ್ನ ಹಣೆ ನೋಡಿದರು, ಜ್ವರ ಇದೆಯೇನೋ ಅನ್ನುವ ಹಾಗೆ. ವಿಷಯ ಹೇಳಿದೆ. ಬೈದರು, ನನ್ನ ಟೇಪು ಅಂದ್ರೆ ನಿನಗೆ ಬಾಳೆಹಣ್ಣಿನ ಸಿಪ್ಪೆನಾ ಅಂದರು. ಆಮೇಲೆ ಕೂತು ತಾವೂ ಬಿಚ್ಚಿದರು.

ಇಪ್ಪತ್ಮೂರನೇ ಡಬ್ಬದಲ್ಲಿ ಸಿಕ್ಕಿತು. ಅಂಚಿಗೆ ಅಂಚು ಹಿಡಿದೆ. ಕೂಡಿತು.

"ನಾಲ್ಕನೇ ದಿನ ಬೆಳಿಗ್ಗೆ ಮೇಕೆ / ಟ್ಯಾಂಕಿನ ಬುಡದಲ್ಲಿ ಸತ್ತು ಬಿದ್ದಿತ್ತು. ಕುಡಿಯಲು ನೀರಿಲ್ಲದೆ ನಿತ್ರಾಣಗೊಂಡು ಜಾರಿರಬಹುದು ಎಂದು ಪಶುವೈದ್ಯರು ತಿಳಿಸಿದ್ದಾರೆ."

ಗಟ್ಟಿಯಾಗಿ ಓದಿದೆ. ಟೇಪಕ್ಕ ತಟ್ಟೆಯ ಅಂಚು ಸವರಿದರು. "ಅಯ್ಯೋ ಪಾಪ. ನೀರಿನ ಟ್ಯಾಂಕಿನ ಮೇಲೆ ನಿಂತು." ಆಮೇಲೆ: "ನೋಡಿದ್ಯಲ್ಲ, ಆಯ್ತು. ಈಗ ಅದನ್ನೇ ಆ ತಟ್ಟೆಗೆ ಸುತ್ತಿ ಒಳಗಿಡು. ಮಗುಗೆ ಹೇಳಬೇಡ."

ಸುತ್ತಲಿಲ್ಲ. ಜೇಬಿಗಿಟ್ಟೆ.

ಜೂನ್ 21, ಸಂಜೆ

ಹೇಳಿದೆ.

ಪಂಡಿತ ಇವತ್ತಿನ ಟ್ರೈನಿಂಗ್ ಮುಗಿಸಿ ಬರುವ ತನಕ ಕಾದು ಹೇಳಿದೆ. ಅವನು ಕೂತಿರುವಾಗಲೇ ಹೇಳಬೇಕಿತ್ತು. ಬರೆದಿಡುತ್ತೇನೆ — ಕಾದೆ.

ಎರಡು ತುಂಡೂ ನೆಲದ ಮೇಲೆ ಜೋಡಿಸಿ ಓದಿದೆ. ಚೋಟು ನನ್ನ ಮುಖ ನೋಡಲಿಲ್ಲ. ಅವನ ಮುಖ ನೋಡಿದಳು.

"ನಿಜಾನಾ ಚಿಕ್ಕಪ್ಪ?"

"ಪೇಪರಲ್ಲಿ ಹಾಗಿದ್ರೆ... ಹಾಗೇ ಇರ್ಬೇಕು ಪುಟ್ಟಿ."

ಅಳಲಿಲ್ಲ. ಹಾಲು ಪೂರ್ತಿ ಕುಡಿದಳು. ಲೋಟ ತಾನೇ ತೊಳೆದಳು, ಯಾವತ್ತೂ ಇಲ್ಲದ್ದು. ಗೋಡೆಯ ಚಿತ್ರ ಕಿತ್ತು, ತಿರುಗಿಸಿ, ಬಿಳಿ ಬದಿ ಕಾಣುವ ಹಾಗೆ ಅಂಟಿಸಿದಳು.

"ಆಮೇಲೆ" ಅನ್ನಲಿಲ್ಲ.

ಹೆಂಡತಿ ತಟ್ಟೆ ಇಡುತ್ತಾ: "ಸಮಾಧಾನ ಆಯ್ತಾ?"

ಒಂದು ನಿಮಿಷ ಆಗಿತ್ತು. ಅದೂ ನಿಜ, ಹೊಡೆದುಹಾಕುವುದಿಲ್ಲ.

ಜೂನ್ 29

ಏಳು ದಿನ ಬರೆಯಲಿಲ್ಲ.

ದಿನಾ ಸುದ್ದಿ ತಂದೆ. ಹನ್ನೊಂದು ಜನರ ಮನೆ, ಎಲ್ಲರಿಗೂ ಒಂದೇ ದಿನ ಹುಟ್ಟಿದಹಬ್ಬ. ಅರವತ್ತೊಂದು ವರ್ಷದ ಮೇಲೆ ಲೈಬ್ರರಿಗೆ ವಾಪಸು ಬಂದ ಪುಸ್ತಕ. ಕೇಳುತ್ತಾಳೆ. ತಲೆ ಆಡಿಸುತ್ತಾಳೆ. "ಹೂಂ" ಅನ್ನುತ್ತಾಳೆ. ಪೇಪರ್ ಮುಗಿದ ಕಡೆ ಅವಳದ್ದೂ ಮುಗಿಯುತ್ತದೆ. ಮುಂದೆ ಏನೋ ಸತ್ತಿರುತ್ತದೆ ಅಂತ ಈಗ ಅವಳಿಗೆ ಗೊತ್ತು. ನಾನೇ ಕಲಿಸಿದ್ದು.

ಮೊನ್ನೆ ಪಂಡಿತ ಹೊರಟ. ಬಸ್ಸಿನ ಹತ್ತಿರ ಬ್ಯಾಗು ಈಸಿಕೊಳ್ಳುತ್ತಾ, "ತಪ್ಪಾಯ್ತು ಅಣ್ಣ. ನಾನು ಮಗುಗೆ ಇಲ್ಲದ್ದು ಹೇಳಬಾರ್ದಿತ್ತು" ಅಂದ.

"ಪರವಾಗಿಲ್ಲ ಬಿಡು," ಅಂದೆ. ದೊಡ್ಡವನ ಥರ.

ಮನೆಗೆ ನಡೆದು ಬರುವಾಗ ಅರ್ಧ ದಾರಿಯಲ್ಲಿ ಕಾಲು ನಿಂತಿತು. ಏನು ತಪ್ಪು ಅವನದು? ಅವಳನ್ನು ನಗಿಸಿದ. ಬಿಳಿ ಹಾಳೆ ಮುಂದಿಟ್ಟು ಬರಿ ಅಂದವನು ನಾನು. ಅವನು ಯಾವಾಗಿನಂತೆ ನಾಲ್ಕು ಸಾಲು ಬರೆದುಕೊಟ್ಟ. ಹೆಡ್‌ಮಾಸ್ಟರ ಕುರ್ಚಿಯಲ್ಲಿ ನಾನೇ ಕೂತು ಅದನ್ನು ಈಸಿಕೊಂಡೆ.

ಜುಲೈ 2, ಸಂಜೆ 6.40

ಜುಲೈ ಪುಟಕ್ಕೂ ವಾರ ತಪ್ಪೇ. ಹೊಡೆದೆ.

ಇವತ್ತು ಜೇಬು ಖಾಲಿ. ಬೇಕಂತಲೇ ಏನೂ ತರಲಿಲ್ಲ. ಚೋಟು ಹೋಮ್‌ವರ್ಕ್ ಮುಗಿಸಿ ಬಂದು ಎದುರು ಕೂತಳು, ಡಾಕ್ಟರ ಹತ್ತಿರ ಕೂತ ಹಾಗೆ.

"ಇವತ್ತು ಪೇಪರ್ ಇಲ್ಲ," ಅಂದೆ. "ನನ್ನದೇ ಒಂದು ಸುದ್ದಿ ಇದೆ."

"ಹೂಂ."

"ಒಬ್ಬ ಅಪ್ಪ ಇದ್ದ. ಅವನ ಮಗಳು ದಿನಾ ಅವನನ್ನು ಆಮೇಲೆ, ಆಮೇಲೆ ಅಂತ ಕೇಳ್ತಿದ್ದಳು. ಒಂದು ದಿನ ಚಿಕ್ಕಪ್ಪನನ್ನ ಕೇಳೋಕೆ ಶುರು ಮಾಡಿದಳು. ಅಪ್ಪನಿಗೆ ಹೊಟ್ಟೆಕಿಚ್ಚು ಬಂತು."

ಪೆನ್ಸಿಲ್ ಕಚ್ಚುವುದು ನಿಲ್ಲಿಸಿದಳು. "ಹೊಟ್ಟೆಕಿಚ್ಚು ಅಂದ್ರೆ?"

"ನಿನ್ನ ಫ್ರೆಂಡಿನ ಕೆಂಪು ಸೈಕಲ್ ನೋಡಿದಾಗ ಆಗುತ್ತಲ್ಲ, ಇಲ್ಲಿ."

"ನಂಗೆ ಇಲ್ಲಾಗುತ್ತೆ," ಅಂತ ಗಂಟಲು ಮುಟ್ಟಿ ತೋರಿಸಿದಳು.

"ಅದೇ. ಅದಕ್ಕೇ ಅವನು ಇಪ್ಪತ್ಮೂರು ಡಬ್ಬ ಬಿಚ್ಚಿ ಆ ಮೇಕೆ ಪೇಪರ್ ಹುಡುಕಿ ತಂದ. ನಿಜ ಹೇಳೋಕೆ ಅಂತ ಎಲ್ಲರಿಗೂ ಅಂದ. ಅದಕ್ಕಲ್ಲ. ಚಿಕ್ಕಪ್ಪನ ಕಥೆ ಕೆಡಿಸೋಕೆ."

ಪೆನ್ಸಿಲ್ ಕೆಳಗಿಟ್ಟಳು. ಒಳಗೆ ಹೆಂಡತಿ ಪಾತ್ರೆ ಇಡುವುದನ್ನು ನಿಲ್ಲಿಸಿದ್ದು ಕೇಳಿಸಿತು.

"ಆಮೇಲೆ?"

ಎದ್ದು ಹೋಗಿ ನೀರು ಕುಡಿದು ಬಂದೆ. ಬಾಯಾರಿರಲಿಲ್ಲ.

"ಆಮೇಲೆ ಚಿಕ್ಕಪ್ಪ ಊರಿಗೆ ಹೋಗುವಾಗ ತಪ್ಪಾಯ್ತು ಅಂದ. ತಪ್ಪು ಅವನದಲ್ಲ. ಅಪ್ಪ ಪರವಾಗಿಲ್ಲ ಬಿಡು ಅಂದ."

"ಆಮೇಲೆ? ಅಪ್ಪ ಹೇಳಿದ್ನಾ ಚಿಕ್ಕಪ್ಪಂಗೆ?"

"ಇನ್ನೂ ಇಲ್ಲ."

"ಹೇಳಬೇಕಲ್ಲ," ಅಂದಳು. ನನ್ನ ಫೋನು ತಂದು ಮುಂದಿಟ್ಟಳು. ಆಮೇಲೆ ಅಂದೆ. ಬರೆದು ಮುಗಿಸಿ ಮಾಡುತ್ತೇನೆ ಅಂದೆ. ಅವಳು ಬಿಡುವ ಪೈಕಿ ಅಲ್ಲ, ಯಾರ ಮಗಳು. ಪಂಡಿತನ ಫೋಟೋ ಒತ್ತುವುದು ಅವಳಿಗೆ ಬರುತ್ತದೆ. ನಾನು ಇಲ್ಲಿ ಬರೆಯುತ್ತಿದ್ದೇನೆ, ಅಲ್ಲಿ ಕಿಟಕಿಯ ಹತ್ತಿರ ರಿಂಗ್ ಆಗುತ್ತಿದೆ. ಏನು ಹೇಳಬೇಕು ಅಂತ ಇನ್ನೂ ಜೋಡಿಸಿಕೊಂಡಿಲ್ಲ. ಎತ್ತಿದ ಅಂತ ಕಾಣುತ್ತೆ. ಅವಳೇ ಮಾತಾಡುತ್ತಿದ್ದಾಳೆ —

"ಚಿಕ್ಕಪ್ಪಾ, ಅಪ್ಪಂಗೆ ನಿನ್ನ ಮೇಲೆ